ಗಾಲಿಯ ಮೇಲಿನ ಮನೆಗೆ ವಿದ್ಯುತ್ತು

ಮನೆಯನ್ನು ಬಿಟ್ಟಿರಲಾರದ ಮನುಷ್ಯನಿಗೆ ಸದಾ ಮನೆಯಲ್ಲೇ ಕುಳಿತಿರುವುದೂ ಆಗದು. ಜಾತ್ರೆಗೋ ತೀರ್ಥಯಾತ್ರೆಗೋ ಹೊರಟ ಹಿಂದಿನ ಕುಟುಂಬಗಳು ಕಮಾನುಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಬುತ್ತಿಯ ಗಂಟು, ನೀರಿನ ತಂಬಿಗೆ, ಒಂದು ಲಾಟೀನು ಇಷ್ಟನ್ನು ಜೊತೆಗಿಟ್ಟುಕೊಂಡು ದಿನಗಟ್ಟಲೆ ದಾರಿ ಸವೆಸುತ್ತಿದ್ದವು. ಗಾಡಿಯ ಅಡಿಯಲ್ಲಿ ತೂಗಾಡುತ್ತಿದ್ದ ಆ ಲಾಟೀನೇ ಅವರ ದೀಪವ್ಯವಸ್ಥೆ. ಅದರಲ್ಲಿ ಎಷ್ಟು ಎಣ್ಣೆ ಉಳಿದಿದೆ ಎಂಬುದು ಒಮ್ಮೆ ಅಲ್ಲಾಡಿಸಿ ನೋಡಿದರೆ ತಿಳಿಯುತ್ತಿತ್ತು. ಕಡಿಮೆಯಾಗಿದ್ದರೆ ಬತ್ತಿಯನ್ನು ಇಳಿಸಿಕೊಳ್ಳುತ್ತಿದ್ದರು.

ಮೋಟಾರು ವಾಹನಗಳ ಕಾಲ ಬಂದ ಮೇಲೆ ಈ ಹಂಬಲ ಬೇರೊಂದು ರೂಪ ತಾಳಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತಯಾರಿಸತೊಡಗಿದ ಪೆಟ್ಟಿಗೆಯಾಕಾರದ ವ್ಯಾನನ್ನು ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಮಲಗುವ, ಅಡುಗೆ ಮಾಡುವ ಅನುಕೂಲಗಳೊಡನೆ ಸಜ್ಜುಗೊಳಿಸಿತು. ಇಂಥ ವಾಹನಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಕಾರ್ಖಾನೆಯಿಂದ ಸಿದ್ಧವಾಗಿಯೇ ಬರುವ ವ್ಯಾನುಗಳು ದುಬಾರಿ. ಆದುದರಿಂದ ಯೂರೋಪು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಅನೇಕರು ಸರಕು ಸಾಗಿಸಿ ಹಳತಾದ ವ್ಯಾನೊಂದನ್ನು ಕೊಂಡು, ಅದರ ಬರಿಯ ತಗಡಿನ ಒಡಲೊಳಗೆ ಮಂಚ, ಕಪಾಟು, ಒಲೆಕಟ್ಟೆಗಳನ್ನು ತಾವೇ ಕೂಡಿಸಿಕೊಳ್ಳುತ್ತಾರೆ. ಮರಗೆಲಸದಲ್ಲಿ ತಪ್ಪಿದರೆ ಕಪಾಟಿನ ಬಾಗಿಲು ಕಿರುಗುಟ್ಟೀತು, ಅಷ್ಟೆ. ವಿದ್ಯುತ್ತಿನ ಕೆಲಸದಲ್ಲಿ ತಪ್ಪಿದರೆ ಅದರ ಫಲವನ್ನು ಆ ಇಕ್ಕಟ್ಟಾದ ಕೋಣೆಯಲ್ಲಿ ನಡುರಾತ್ರಿ ಮಲಗಿರುವವರು ಉಣ್ಣಬೇಕಾಗುತ್ತದೆ.

ಹೀಗಿದ್ದರೂ ಈ ಕೆಲಸವನ್ನು ಹಗುರವಾಗಿ ಎಣಿಸುವವರೇ ಹೆಚ್ಚು. ಅದಕ್ಕೆ ಕಾರಣ, ವ್ಯಾನಿನ ವಿದ್ಯುತ್ತು ಬರಿಯ 12 ವೋಲ್ಟಿನದು ಎಂಬ ತಿಳಿವಳಿಕೆ. ಒಣಗಿದ ಕೈಯಿಂದ ಬ್ಯಾಟರಿಯ ಎರಡು ತುದಿಗಳನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಮನೆಯ 230 ವೋಲ್ಟಿನ ತಂತಿಯನ್ನು ಹಾಗೆ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಇದು ನಿಜವೇ. ಆದರೆ ಇದು ಅರ್ಧ ನಿಜ. ಒಂದು ಉಪಕರಣ ಬಳಸುವ ಸಾಮರ್ಥ್ಯವು ವೋಲ್ಟೇಜು ಮತ್ತು ಪ್ರವಾಹಗಳ ಗುಣಲಬ್ಧ. 60 ವಾಟಿನ ದೀಪವೊಂದು ಮನೆಯ ತಂತಿಯಿಂದ ಸುಮಾರು ಕಾಲು ಆಂಪಿಯರ್ ಪ್ರವಾಹವನ್ನು ಸೆಳೆದರೆ, ಅದೇ 60 ವಾಟನ್ನು 12 ವೋಲ್ಟಿನಲ್ಲಿ ಪಡೆಯಲು 5 ಆಂಪಿಯರ್ ಬೇಕು. ವೋಲ್ಟೇಜು ಇಳಿದಷ್ಟೂ ಪ್ರವಾಹ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. 12 ವೋಲ್ಟು ಮನುಷ್ಯನನ್ನು ಮುಟ್ಟಿ ಕೊಲ್ಲುವುದಿಲ್ಲ. ಆದರೆ ಅವನು ಮಲಗಿರುವ ಮನೆಗೆ ಬೆಂಕಿಯಿಡಬಲ್ಲುದು. ವ್ಯಾನಿನ ವಿದ್ಯುತ್ ಯೋಜನೆಯೆಲ್ಲ ಈ ಒಂದು ಸಂಗತಿಯ ಸುತ್ತ ನಿಂತಿದೆ.

ಇಂಗ್ಲೆಂಡಿನಲ್ಲಿ ಇಬ್ಬರು ದಂಪತಿಗಳು ಇಂಥ ವ್ಯಾನೊಂದನ್ನು ಸಜ್ಜುಗೊಳಿಸುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ಅವರಲ್ಲಿ ಒಬ್ಬರಿಗೆ ಮಧುಮೇಹ. ದಿನವೂ ಇನ್ಸುಲಿನ್ ಬೇಕು. ತಿಂಗಳುಗಳ ಪ್ರಯಾಣಕ್ಕೆಂದು ಕೂಡಿಟ್ಟ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು. ಹೀಗಾಗಿ ಅವರ ಪುಟ್ಟ ರೆಫ್ರಿಜರೇಟರ್ ಬೆಣ್ಣೆ ಹಾಲುಗಳಿಗಾಗಿ ಇಟ್ಟ ಭೋಗದ ವಸ್ತುವಲ್ಲ. ಅದು ನಿಲ್ಲಬಾರದು.

ಸಾಮಾನ್ಯವಾಗಿ ಜನ ಮೊದಲು ಅಂಗಡಿಗೆ ಹೋಗಿ ಸೌರಫಲಕವನ್ನು ಕೊಂಡು ತಂದು, ಆಮೇಲೆ ಅದಕ್ಕೆ ಏನೇನು ಜೋಡಿಸಬಹುದು ಎಂದು ಯೋಚಿಸುತ್ತಾರೆ. ಇದು ತಿರುಗುಮುರುಗಾದ ಕ್ರಮ. ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಎಂಬುವನೊಬ್ಬನಿರುತ್ತಿದ್ದ. ಕೆರೆಯಲ್ಲಿ ನಿಂತ ನೀರೆಷ್ಟು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಮಳೆ ತಡವಾದರೆ ಯಾವುದನ್ನು ಕೈಬಿಡಬೇಕು ಎಂಬುದನ್ನು ಲೆಕ್ಕ ಹಾಕಿ ಅವನು ತೂಬನ್ನು ಎತ್ತುತ್ತಿದ್ದ. ವ್ಯಾನಿನಲ್ಲಿ ಬ್ಯಾಟರಿಯೇ ಕೆರೆ, ಸೂರ್ಯನೇ ಹಳ್ಳ, ತಂತಿಗಳೇ ಕಾಲುವೆ. ಲೆಕ್ಕ ಗದ್ದೆಯಿಂದ ಆರಂಭವಾಗಬೇಕು.

ಆ ದಂಪತಿಗಳ ಲೆಕ್ಕ ಹೀಗಿರಬಹುದು. ತಲಾ 3 ವಾಟಿನ ನಾಲ್ಕು ದೀಪಗಳು ಸಂಜೆ ನಾಲ್ಕು ಗಂಟೆ ಉರಿದರೆ 48 ವಾಟ್-ಗಂಟೆ. ಮಾಳಿಗೆಯ ಬೀಸಣಿಗೆ 20 ವಾಟಿನದು. ಆರು ಗಂಟೆಗೆ 120. ನೀರೆತ್ತುವ ಪುಟ್ಟ ಪಂಪು 48 ವಾಟಿನದಾದರೂ ದಿನಕ್ಕೆ ಕಾಲು ಗಂಟೆಯಷ್ಟೇ ನಡೆಯುವುದರಿಂದ ಅದರ ಪಾಲು 12. ಎರಡು ಮೊಬೈಲ್ ಫೋನುಗಳಿಗೆ 30, ಕಂಪ್ಯೂಟರಿಗೆ ಮೂರು ಗಂಟೆಯ ಕೆಲಸಕ್ಕೆ 150. ರೆಫ್ರಿಜರೇಟರಿನ ಯಂತ್ರ 45 ವಾಟ್ ಬಳಸುತ್ತದೆ. ಆದರೆ ಅದು ಎಡೆಬಿಡದೆ ನಡೆಯುವುದಿಲ್ಲ. ಒಳಗಿನ ತಂಪು ಸಾಕಾದೊಡನೆ ನಿಂತು, ಕಾವೇರಿದಾಗ ಮತ್ತೆ ಚಲಿಸುತ್ತದೆ. ದಿನದ ಮೂರನೆಯ ಒಂದು ಭಾಗ, ಎಂದರೆ ಎಂಟು ಗಂಟೆ ನಡೆಯಿತೆಂದರೆ 360. ಎಲ್ಲವನ್ನೂ ಕೂಡಿಸಿದರೆ 720 ವಾಟ್-ಗಂಟೆ. ಇದನ್ನು 12 ವೋಲ್ಟಿನಿಂದ ಭಾಗಿಸಿದರೆ ದಿನವೊಂದಕ್ಕೆ 60 ಆಂಪಿಯರ್-ಗಂಟೆ. ಒಟ್ಟು ಬೇಡಿಕೆಯಲ್ಲಿ ಅರ್ಧದಷ್ಟನ್ನು ಸದ್ದಿಲ್ಲದೆ ಮೂಲೆಯಲ್ಲಿ ಕುಳಿತ ರೆಫ್ರಿಜರೇಟರೊಂದೇ ಕಬಳಿಸುತ್ತದೆ. ಕಣ್ಣಿಗೆ ಎದ್ದು ಕಾಣುವ ದೀಪಗಳ ಪಾಲು ಹದಿನೈದರಲ್ಲಿ ಒಂದೇ. ಲೆಕ್ಕವಿಲ್ಲದೆ ಊಹೆಯಿಂದ ನಡೆಯುವವರು ದೀಪ ಆರಿಸುವುದರಲ್ಲೇ ಮಿತವ್ಯಯ ಸಾಧಿಸಿದೆವೆಂದು ಭಾವಿಸಿಕೊಳ್ಳುವುದು ಇದರಿಂದಲೇ.

ಮೋಡ ಕವಿದ ಎರಡು ದಿನಗಳನ್ನಾದರೂ ನಿಭಾಯಿಸಬೇಕೆಂದರೆ 120 ಆಂಪಿಯರ್-ಗಂಟೆಗಳ ಸಂಗ್ರಹ ಬೇಕು. ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲಿ ರೂಪಿಸಿದ ಸೀಸ-ಆಮ್ಲದ ಬ್ಯಾಟರಿ ಇಂದಿಗೂ ಬಳಕೆಯಲ್ಲಿದೆ. ಬೆಲೆ ಕಡಿಮೆ, ಆದರೆ ಅದನ್ನು ಪದೇಪದೇ ಅರ್ಧಕ್ಕಿಂತ ಕೆಳಗೆ ಬರಿದು ಮಾಡಿದರೆ ಬೇಗ ಕೆಡುತ್ತದೆ. 120 ಬೇಕಾದವರು 240ರದನ್ನು ಹೊರಬೇಕು. ಅದರ ತೂಕ 60 ಕಿಲೋಗ್ರಾಮಿಗೂ ಮಿಕ್ಕೀತು. ಲಿಥಿಯಂ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ ಈಚಿನದು. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಇನಫ್ ಅವರ ತಂಡ 1990ರ ದಶಕದಲ್ಲಿ ಈ ವಸ್ತುವಿನ ಗುಣವನ್ನು ಕಂಡುಹಿಡಿಯಿತು. ಲಿಥಿಯಂ ಬ್ಯಾಟರಿಗಳ ಬೆಳವಣಿಗೆಗಾಗಿ ಆತ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಇದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಧಾರಾಳವಾಗಿ ಬಳಸಬಹುದಾದುದರಿಂದ 150 ಆಂಪಿಯರ್-ಗಂಟೆಯದು ಸಾಕು. ತೂಕ ಸೀಸದ್ದರ ಮೂರನೆಯ ಒಂದು ಭಾಗದ ಆಸುಪಾಸು. ದೋಷವಿಲ್ಲವೆಂದಲ್ಲ. ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಕೆಳಗೆ ಅದಕ್ಕೆ ವಿದ್ಯುತ್ ತುಂಬಲು ಹೋದರೆ ಲಿಥಿಯಂ ಲೋಹ ಒಳಗೇ ಪದರುಗಟ್ಟಿ ಬ್ಯಾಟರಿ ಶಾಶ್ವತವಾಗಿ ಹಾಳಾಗುತ್ತದೆ. ಆದುದರಿಂದ ಚಳಿನಾಡಿನಲ್ಲಿ ಅದನ್ನು ಜನ ಮಲಗುವ ಬೆಚ್ಚನೆಯ ಭಾಗದಲ್ಲೇ ಇರಿಸುತ್ತಾರೆ. ಸೀಸದ ಬ್ಯಾಟರಿಗೆ ಬೇರೆಯೇ ನಿಯಮ: ವಿದ್ಯುತ್ ತುಂಬುವಾಗ ಅದು ಜಲಜನಕವನ್ನು ಹೊಮ್ಮಿಸಬಲ್ಲುದಾದುದರಿಂದ ಅದರ ಪೆಟ್ಟಿಗೆಗೆ ಹೊರಗಿನ ಗಾಳಿಯ ಸಂಪರ್ಕ ಇರಲೇಬೇಕು.

ಕೆರೆಯ ಅಳತೆ ಗೊತ್ತಾದ ಮೇಲೆ ಹಳ್ಳದ ವಿಚಾರ. ಬೆಳಕಿನಿಂದ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿ, ಇನ್ನೂ ಹತ್ತೊಂಬತ್ತರ ಹರೆಯದಲ್ಲಿ ಗಮನಿಸಿದ್ದ. ಕೆಲಸಕ್ಕೆ ಬರುವ ಸಿಲಿಕಾನ್ ಸೌರಕೋಶ ಸಿದ್ಧವಾದುದು 1954ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಪಾಲನ್ನಷ್ಟೇ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನವು ಇಪ್ಪತ್ತನ್ನು ಮುಟ್ಟಿವೆ, ದಾಟಿಯೂ ಇವೆ. ಮೊದಲು ಇವು ಕೃತಕ ಉಪಗ್ರಹಗಳ ಸೊತ್ತಾಗಿದ್ದವು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಾಣಗೊಂಡು 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ಆರ್ಯಭಟ ಕೂಡ ಮೈತುಂಬ ಸೌರಕೋಶಗಳನ್ನೇ ಹೊದ್ದಿತ್ತು. ಬಿಸಿಲಿಗೆ ಎಂದೂ ಮೋಡ ಅಡ್ಡ ಬರದ ಎತ್ತರದಲ್ಲಿದ್ದರೂ, ಅದರ ವಿದ್ಯುತ್ ವ್ಯವಸ್ಥೆಯೇ ಕೆಲವು ದಿನಗಳಲ್ಲಿ ಕೈಕೊಟ್ಟುದರಿಂದ ಅದರ ಪ್ರಯೋಗಗಳು ನಿಂತುಹೋದವು.

ಸೌರಫಲಕದ ಮೇಲೆ ಬರೆದ 100 ವಾಟ್ ಎಂಬ ಅಂಕಿ ಚದರ ಮೀಟರಿಗೆ 1000 ವಾಟಿನಷ್ಟು ಪ್ರಖರವಾದ ಬಿಸಿಲು ನೇರವಾಗಿ ಬಿದ್ದಾಗ, ಕೋಶಗಳು 25 ಡಿಗ್ರಿಯಲ್ಲಿದ್ದಾಗ ದೊರೆಯುವ ಫಲ. ವ್ಯಾನಿನ ಮಾಳಿಗೆಯಲ್ಲಿ ಇದು ಅಪರೂಪದ ಯೋಗ. ಬಿಸಿಲು ಹೆಚ್ಚಿದಂತೆ ಫಲಕವೂ ಕಾಯುತ್ತದೆ. ಕಾದ ಸಿಲಿಕಾನಿನ ಫಲ ಕುಗ್ಗುತ್ತದೆ. ಆದುದರಿಂದ ಫಲಕವನ್ನು ತಗಡಿಗೆ ಅಂಟಿಸದೆ ಕೆಳಗೆ ಗಾಳಿಯಾಡುವಂತೆ ಸ್ವಲ್ಪ ಎತ್ತರಿಸುವುದು ಒಳ್ಳೆಯದು. ಇವೆಲ್ಲ ನಷ್ಟಗಳಿಗಾಗಿ ನೂರಕ್ಕೆ ಮೂವತ್ತನ್ನು ಕಳೆಯುವುದು ವಾಡಿಕೆ. ಜೂನ್ ತಿಂಗಳ ಇಂಗ್ಲೆಂಡಿನಲ್ಲಿ ದಿನವಿಡೀ ಬೀಳುವ ಬಿಸಿಲನ್ನು ಒಟ್ಟುಗೂಡಿಸಿದರೆ ಅದು ಅಂಥ ಪ್ರಖರ ಬಿಸಿಲಿನ ಸುಮಾರು ಐದು ಗಂಟೆಗೆ ಸಮ. 200 ವಾಟಿನ ಫಲಕಗಳಿಂದ ಆಗ ಸುಮಾರು 700 ವಾಟ್-ಗಂಟೆ ದೊರೆಯುತ್ತದೆ. ಬೇಡಿಕೆ 720. ಜಮಾಖರ್ಚು ಸರಿಹೋಯಿತೆಂದು ದಂಪತಿಗಳು ನೆಮ್ಮದಿಯಿಂದ ಕೈತೊಳೆದುಕೊಳ್ಳಬಹುದು.

ಆದರೆ ಡಿಸೆಂಬರ್ ಬರುತ್ತದೆ. ಲಂಡನ್ ಭೂಮಧ್ಯರೇಖೆಯಿಂದ 51 ಡಿಗ್ರಿಗೂ ಹೆಚ್ಚು ಉತ್ತರಕ್ಕಿದೆ. ಅಲ್ಲಿ ಡಿಸೆಂಬರ್ 21ರ ನಡುಹಗಲಿನಲ್ಲಿ ಸೂರ್ಯ ದಿಗಂತದಿಂದ ಹದಿನೈದು ಡಿಗ್ರಿಯಷ್ಟೇ ಮೇಲೇರುತ್ತಾನೆ. ಬೆಂಗಳೂರಿನಲ್ಲಿ ಅದೇ ದಿನ ಅದೇ ಹೊತ್ತಿಗೆ ಐವತ್ಮೂರು ಡಿಗ್ರಿ ಮೇಲಿರುತ್ತಾನೆ. ಮಲಗಿಸಿದ ಫಲಕದ ಮೇಲೆ ಅಷ್ಟು ಓರೆಯಾಗಿ ಬೀಳುವ ಕಿರಣಗಳು ವಿಶಾಲವಾಗಿ ಹರಡಿ ತೆಳುವಾಗುತ್ತವೆ. ಹಗಲೂ ಮೊಟಕು, ಮೇಲಿಂದ ಮೋಡ. ಇಡೀ ದಿನದ ಬಿಸಿಲು ಅರ್ಧ ಗಂಟೆಯ ಪ್ರಖರ ಬಿಸಿಲಿಗೆ ಸಮನಾಗುತ್ತದೆ. ಅದೇ ಫಲಕಗಳಿಂದ ಈಗ 70 ವಾಟ್-ಗಂಟೆ; ಬೇಡಿಕೆಯ ಹತ್ತರಲ್ಲೊಂದು ಪಾಲು. ಬೀಸಣಿಗೆ, ಕಂಪ್ಯೂಟರುಗಳನ್ನು ಬಿಟ್ಟುಕೊಟ್ಟರೂ ಇನ್ಸುಲಿನ್ ಇರುವ ರೆಫ್ರಿಜರೇಟರಿಗೇ ಇದು ಸಾಲದು. ಫಲಕಗಳನ್ನು ಇಮ್ಮಡಿಗೊಳಿಸಿದರೂ ಸಾಲದು. ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು ಗಂಟೆಗೂ ಮಿಗಿಲಾದ ಬಿಸಿಲನ್ನು ಕಾಣುವ ಕರ್ನಾಟಕದ ಲೆಕ್ಕವನ್ನು ಅಲ್ಲಿಗೆ ಒಯ್ಯುವಂತಿಲ್ಲ. ಅಲ್ಲಿನ ಲೆಕ್ಕವನ್ನು ಇಲ್ಲಿಗೂ ತರುವಂತಿಲ್ಲ.

ನೆರಳಿನ ವಿಚಾರವನ್ನು ಇಲ್ಲಿಯೇ ಹೇಳಬೇಕು. ಒಂದು ಸೌರಕೋಶದ ವೋಲ್ಟೇಜು ಅರ್ಧ ವೋಲ್ಟಿನ ಆಸುಪಾಸು. ಆದುದರಿಂದ 12 ವೋಲ್ಟಿನ ಬ್ಯಾಟರಿಗೆಂದು ಮಾಡಿದ ಫಲಕದಲ್ಲಿ ಮೂವತ್ತಾರು ಕೋಶಗಳನ್ನು ಒಂದರ ಹಿಂದೊಂದರಂತೆ ಸರಣಿಯಾಗಿ ಜೋಡಿಸಿರುತ್ತಾರೆ. ಬೆಂಕಿ ಬಿದ್ದ ಮನೆಗೆ ಬಾವಿಯಿಂದ ಕೈಗೆ ಕೈ ದಾಟಿಸಿ ಕೊಡಗಳನ್ನು ಸಾಗಿಸುವ ಸಾಲಿನಲ್ಲಿ ಒಬ್ಬನು ಸೋತು ನಿಂತರೆ ಇಡೀ ಸಾಲು ಹೇಗೆ ನಿಲ್ಲುವುದೋ ಹಾಗೆಯೇ ಒಂದು ಕೋಶದ ಮೇಲೆ ನೆರಳು ಬಿದ್ದರೆ ಸಾಲಿನ ಪ್ರವಾಹವೆಲ್ಲ ಕುಗ್ಗುತ್ತದೆ. ಸೋತವನನ್ನು ಬಳಸಿಕೊಂಡು ಹೋಗಲು ತಯಾರಕರು ಡಯೋಡುಗಳನ್ನು ಇಟ್ಟಿರುತ್ತಾರಾದರೂ, ಅವು ಸಾಲಿನ ದೊಡ್ಡದೊಂದು ತುಂಡನ್ನೇ ಬಿಟ್ಟುಕೊಡುತ್ತವೆ. ಮಾಳಿಗೆಯ ಬೀಸಣಿಗೆಯ ಮುಚ್ಚಳ, ಸಾಮಾನಿನ ಪೆಟ್ಟಿಗೆ ಇವುಗಳ ನೆರಳು ಬೆಳಿಗ್ಗೆ ಎಲ್ಲಿ, ಸಂಜೆ ಎಲ್ಲಿ ಬೀಳುವುದೆಂದು ಒಂದು ದಿನವಿಡೀ ನೋಡಿ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ ಮೇಲೆಯೇ ಫಲಕಗಳ ಸ್ಥಾನವನ್ನು ನಿರ್ಧರಿಸುವುದು ಜಾಣತನ.

ಫಲಕಕ್ಕೂ ಬ್ಯಾಟರಿಗೂ ನಡುವೆ ನಿಯಂತ್ರಕವೊಂದು ಬೇಕು. ಇಲ್ಲದಿದ್ದರೆ ತುಂಬಿದ ಬ್ಯಾಟರಿಗೆ ಮತ್ತೂ ವಿದ್ಯುತ್ ನುಗ್ಗಿ ಅದು ಕೆಡುತ್ತದೆ. ಇದರಲ್ಲಿ ಎರಡು ಬಗೆ. ಅಗ್ಗದ ನಿಯಂತ್ರಕ ಫಲಕದ ವೋಲ್ಟೇಜನ್ನು ಬ್ಯಾಟರಿಯ ಮಟ್ಟಕ್ಕೇ ಎಳೆದು ತರುತ್ತದೆ. 18 ವೋಲ್ಟಿನಲ್ಲಿ ಐದೂವರೆ ಆಂಪಿಯರ್ ಕೊಡಬಲ್ಲ 100 ವಾಟಿನ ಫಲಕ 13 ವೋಲ್ಟಿಗೆ ಇಳಿದಾಗ ಅದೇ ಐದೂವರೆ ಆಂಪಿಯರನ್ನು ಕೊಟ್ಟು ಸುಮಾರು 72 ವಾಟಿಗೆ ತೃಪ್ತಿಪಡುತ್ತದೆ. ಇನ್ನೊಂದು ಬಗೆಯದು ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಪ್ರವಾಹವನ್ನಾಗಿ ಮಾರ್ಪಡಿಸಿ ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಬೆಲೆ ಹೆಚ್ಚಾದರೂ ಮಾಳಿಗೆಯ ಜಾಗ ಚಿಕ್ಕದಿದ್ದಾಗ ಇದೇ ಲೇಸು.

ಡಿಸೆಂಬರಿನ ಕೊರತೆಯನ್ನು ತುಂಬುವುದು ವಾಹನದ ಎಂಜಿನ್. ಚಲಿಸುವ ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರ್ ವಾಹನದ ಸ್ವಂತ ಬ್ಯಾಟರಿಯನ್ನು ತುಂಬುತ್ತಲೇ ಇರುತ್ತದೆ. ಅದರಿಂದ ಮನೆಯ ಬ್ಯಾಟರಿಗೂ ಒಂದು ಕವಲು ತೆಗೆಯಬಹುದು. ಆದರೆ ನೇರವಾಗಿ ತಂತಿ ಎಳೆಯುವುದು ಸಲ್ಲದು. ಲಿಥಿಯಂ ಬ್ಯಾಟರಿಯ ಒಳರೋಧ ತೀರ ಕಡಿಮೆಯಾದುದರಿಂದ ಅದು ಬಾಯಾರಿದಂತೆ ಪ್ರವಾಹವನ್ನು ಸೆಳೆದು ಆಲ್ಟರ್ನೇಟರನ್ನೇ ಸುಡಬಹುದು. ನಡುವೆ ಪ್ರವಾಹಕ್ಕೆ ಮಿತಿ ಹಾಕುವ ಚಾರ್ಜರನ್ನು ಇಡುತ್ತಾರೆ. ಅದು 30 ಆಂಪಿಯರಿನದಾದರೆ ಎರಡು ಗಂಟೆಯ ಪ್ರಯಾಣ ಒಂದು ದಿನದ 60 ಆಂಪಿಯರ್-ಗಂಟೆಯನ್ನು ತಂದುಕೊಡುತ್ತದೆ. ಇದಲ್ಲದೆ ವಾಹನಗಳು ತಂಗುವ ಶಿಬಿರಗಳಲ್ಲಿ 230 ವೋಲ್ಟಿನ ವಿದ್ಯುತ್ತನ್ನು ಕೇಬಲ್ ಮೂಲಕ ಪಡೆಯುವ ಏರ್ಪಾಡು ಇರುತ್ತದೆ. ಈ ಭಾಗವನ್ನು ಮಾತ್ರ ಪರಿಣತ ವಿದ್ಯುತ್ ಕೆಲಸಗಾರರ ಕೈಗೇ ಒಪ್ಪಿಸಬೇಕು. ಮೈಮೂಲಕ 30 ಮಿಲಿಆಂಪಿಯರ್ ಸೋರಿದರೂ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುವ ಸ್ವಿಚ್ಚು, ತಗಡಿನ ಒಡಲಿಗೆ ಸರಿಯಾದ ಭೂಸಂಪರ್ಕ ಇವಿಲ್ಲದೆ ಅದನ್ನು ಒಳಗೆ ಬಿಟ್ಟುಕೊಳ್ಳಬಾರದು.

ಇನ್ನು ಕಾಲುವೆಗಳು. ಫಲಕಕ್ಕೆ, ಬ್ಯಾಟರಿಗೆ ಹಣವನ್ನು ಧಾರಾಳವಾಗಿ ಸುರಿದವರು ತಂತಿಯ ಹತ್ತಿರ ಬಂದಾಗ ಕೈ ಹಿಡಿಯುವುದುಂಟು. ಆ ದಂಪತಿಗಳ ಬ್ಯಾಟರಿ ಮುಂದಿನ ಆಸನದ ಕೆಳಗಿದೆ, ರೆಫ್ರಿಜರೇಟರ್ ಐದು ಮೀಟರ್ ದೂರದಲ್ಲಿ ಹಿಂದಿದೆ. ಪ್ರವಾಹ ಹೋಗಿ ಮರಳಬೇಕಾದುದರಿಂದ ದಾರಿ ಹತ್ತು ಮೀಟರ್. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿಯ ರೋಧ ಮೀಟರಿಗೆ 0.017 ಓಮ್. ಅಂಥ ತಂತಿಯನ್ನು ಎಳೆದರೆ ಒಟ್ಟು ರೋಧ 0.17 ಓಮ್. ಯಂತ್ರ ನಡೆಯುವಾಗ 4 ಆಂಪಿಯರ್ ಹರಿದರೆ ದಾರಿಯಲ್ಲೇ 0.7 ವೋಲ್ಟು ಸೋರಿಹೋಗುತ್ತದೆ. ಯಂತ್ರ ಎಚ್ಚರಗೊಳ್ಳುವ ಕ್ಷಣದಲ್ಲಿ 8 ಆಂಪಿಯರ್ ಬೇಡಿತೆಂದರೆ ಸೋರಿಕೆ 1.4 ವೋಲ್ಟು. ಬ್ಯಾಟರಿಯ ಬಳಿ 12 ಇದ್ದುದು ಹಿಂದಿನ ಮೂಲೆಯಲ್ಲಿ 10.6.

ಬ್ಯಾಟರಿ ತೀರ ಬರಿದಾಗದಿರಲೆಂದು ಇಂಥ ರೆಫ್ರಿಜರೇಟರುಗಳು ವೋಲ್ಟೇಜು ಒಂದು ಮಿತಿಗಿಂತ ಇಳಿದೊಡನೆ ತಾವಾಗಿ ನಿಂತುಬಿಡುವಂತೆ ರಚಿತವಾಗಿರುತ್ತವೆ. ಆದರೆ ಅದು ಅಳೆಯುವುದು ತನ್ನ ತುದಿಯಲ್ಲಿನ ವೋಲ್ಟೇಜನ್ನು. ಅದನ್ನೇ ಬ್ಯಾಟರಿಯದೆಂದು ನಂಬಿ ಅದು ನಿಲ್ಲುತ್ತದೆ. ಬ್ಯಾಟರಿಯಲ್ಲಿ ಬೇಕಾದಷ್ಟು ವಿದ್ಯುತ್ತಿದೆ, ದೀಪಗಳೂ ಉರಿಯುತ್ತಿವೆ, ಮನೆಯವರು ನಿಶ್ಚಿಂತೆಯಿಂದ ಮಲಗಿದ್ದಾರೆ; ಒಳಗೆ ಇನ್ಸುಲಿನ್ ಬೆಚ್ಚಗಾಗುತ್ತಿದೆ. ಬೆಳಿಗ್ಗೆ ಇದನ್ನು ಕಂಡವರು ಬ್ಯಾಟರಿ ಸಾಲದೆಂದು ಭಾವಿಸಿ ಮತ್ತೊಂದನ್ನು ಕೊಂಡರೂ ದೋಷ ಹೋಗದು. ಕೆರೆ ತುಂಬಿದ್ದರೂ ಕಾಲುವೆ ಕಿರಿದಾದರೆ ಕೊನೆಯ ಗದ್ದೆ ಒಣಗುವುದೇ. ನಾಲ್ಕು ಚದರ ಮಿಲಿಮೀಟರಿನ ತಂತಿಯನ್ನು ಎಳೆದಿದ್ದರೆ ರೋಧ ನಾಲ್ಕರಲ್ಲೊಂದು ಪಾಲಾಗಿ, ನಷ್ಟ 0.17 ವೋಲ್ಟಿಗೆ ಇಳಿಯುತ್ತಿತ್ತು. ಎರಡು ತಂತಿಗಳ ಬೆಲೆಯಲ್ಲಿನ ಅಂತರ ಒಂದು ಹೊತ್ತಿನ ಊಟದ ಖರ್ಚಿಗಿಂತ ಹೆಚ್ಚೇನೂ ಇರದು.

ತೆಳು ತಂತಿ ರೆಫ್ರಿಜರೇಟರನ್ನು ನಿಲ್ಲಿಸುತ್ತದೆ. ಇನ್ನೂ ಹೆಚ್ಚಿನ ಪ್ರವಾಹವಾದರೆ ಅದೇ ಉರಿಯುತ್ತದೆ. ಬ್ಯಾಟರಿಯ 12 ವೋಲ್ಟನ್ನು ಮನೆಯ 230 ವೋಲ್ಟಾಗಿ ಮಾರ್ಪಡಿಸುವ ಇನ್ವರ್ಟರ್ ಎಂಬ ಸಾಧನವಿದೆ. ಅದಕ್ಕೆ ಚಹಾದ ನೀರು ಕಾಯಿಸುವ 1200 ವಾಟಿನ ವಿದ್ಯುತ್ ಕೆಟಲನ್ನು ಜೋಡಿಸಿದರೆಂದು ಎಣಿಸಬಹುದು. ಐದಾರು ನಿಮಿಷದಲ್ಲಿ ನೀರು ಕುದಿಯುವುದರಿಂದ ಖರ್ಚಾಗುವ ಶಕ್ತಿ ಹೆಚ್ಚಲ್ಲ, 110 ವಾಟ್-ಗಂಟೆಯ ಸುಮಾರು. ಆದರೆ ಆ ಐದು ನಿಮಿಷ ಬ್ಯಾಟರಿಯಿಂದ ಇನ್ವರ್ಟರಿಗೆ ಹರಿಯುವ ಪ್ರವಾಹ 100 ಆಂಪಿಯರನ್ನು ಮೀರುತ್ತದೆ. 100 ಎಂದೇ ಹಿಡಿದರೂ, ಒಂದೂವರೆ ಚದರ ಮಿಲಿಮೀಟರಿನ ಎರಡೇ ಮೀಟರ್ ತಂತಿಯಲ್ಲಿ ಹುಟ್ಟುವ ಶಾಖ 230 ವಾಟ್. ಹಳೆಯ ಕಾಲದ 60 ವಾಟಿನ ನಾಲ್ಕು ಬಲ್ಬುಗಳ ಕಾವನ್ನು ಆ ಎರಡು ಮೀಟರಿನೊಳಗೆ ತುರುಕಿದಂತೆ. ಪ್ಲಾಸ್ಟಿಕ್ ಹೊದಿಕೆ ಕರಗಿ, ಪಕ್ಕದ ಮರದ ಹಲಗೆ ಹೊಗೆಯಾಡುವುದು. ಆದುದರಿಂದ ಇನ್ವರ್ಟರನ್ನು ಬ್ಯಾಟರಿಯ ಮಗ್ಗುಲಲ್ಲೇ ಇಟ್ಟು, ಹೆಬ್ಬೆರಳಿನ ದಪ್ಪದ ಗಿಡ್ಡ ಕೇಬಲುಗಳಿಂದ ಜೋಡಿಸುತ್ತಾರೆ. ಚಹಾಕ್ಕೆ ಗ್ಯಾಸ್ ಒಲೆಯೇ ಸಾಕೆಂದು ಕೆಟಲನ್ನು ಮನೆಯಲ್ಲೇ ಬಿಟ್ಟುಬರುವುದು ಇನ್ನೂ ಸುಲಭ.

ತಂತಿಯ ಕಾವಲುಗಾರ ಫ್ಯೂಸು. ಅದು ಉಪಕರಣವನ್ನು ಕಾಪಾಡಲು ಇರುವುದೆಂಬ ನಂಬಿಕೆ ಬಹಳ ಜನರಲ್ಲಿದೆ. ವಾಸ್ತವವಾಗಿ ಅದು ಕಾಪಾಡುವುದು ತಂತಿಯನ್ನು. ತಂತಿ ತಾಳಬಲ್ಲ ಪ್ರವಾಹಕ್ಕಿಂತ ಕಡಿಮೆಯ ಮಿತಿಯಲ್ಲೇ ಅದು ಕರಗಬೇಕು. ಪದೇಪದೇ ಫ್ಯೂಸು ಹೋಗುತ್ತದೆಂದು 10 ಆಂಪಿಯರಿನ ಜಾಗದಲ್ಲಿ 30ರದನ್ನು ಸಿಕ್ಕಿಸುವವನು ಕಾವಲುಗಾರನನ್ನು ಕೆಲಸದಿಂದ ತೆಗೆದಂತೆಯೇ. ಅದರ ಸ್ಥಾನವೂ ಮುಖ್ಯ. ಧನತುದಿಯ ಆದಷ್ಟು ಸಮೀಪದಲ್ಲಿ ಅದಿರಬೇಕು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾರ ರಕ್ಷಣೆಯೂ ಇಲ್ಲ. ಅಲ್ಲಿ ಹೊದಿಕೆ ಸವೆದು ತಂತಿ ತಗಡಿನ ಒಡಲನ್ನು ತಾಕಿದರೆ ನೂರಾರು ಆಂಪಿಯರುಗಳು ಒಮ್ಮೆಗೇ ಹರಿದು ತಾಮ್ರ ಕೆಂಪಗೆ ಕಾಯುತ್ತದೆ. ಬೆರಳಿನ ಉಂಗುರವೊಂದು ಸ್ಪ್ಯಾನರಿಗೂ ಬ್ಯಾಟರಿಯ ತುದಿಗೂ ನಡುವೆ ಸಿಕ್ಕಿದರೆ ಅದರ ಗತಿಯೂ ಅದೇ. ಕೆಲಸಕ್ಕೆ ಕೈಹಚ್ಚುವ ಮೊದಲು ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡುವುದು ಇದಕ್ಕಾಗಿ. ಮನೆಯಲ್ಲಿ ಬಳಸುವ ಸ್ವಿಚ್ಚನ್ನು ಇಲ್ಲಿ ಬಳಸುವುದೂ ತರವಲ್ಲ. ಮನೆಯ ಪರ್ಯಾಯ ಪ್ರವಾಹ ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಹಾಯುವುದರಿಂದ ಸ್ವಿಚ್ಚು ತೆರೆದಾಗ ಹಾರುವ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಏಕಮುಖ ಪ್ರವಾಹಕ್ಕೆ ಅಂಥ ಬಿಡುವಿಲ್ಲ, ಕಿಡಿ ಎಳೆದುಕೊಂಡು ಉರಿಯಬಲ್ಲುದು.

ನಿಂತ ಮನೆಗೂ ಚಲಿಸುವ ಮನೆಗೂ ಇರುವ ದೊಡ್ಡ ಅಂತರವೆಂದರೆ ಅಲುಗಾಟ. ಗೋಡೆಯೊಳಗಿನ ತಂತಿ ಒಮ್ಮೆ ಕೂತರೆ ಕೂತಂತೆಯೇ. ವ್ಯಾನಿನ ತಂತಿಯಾದರೋ ದಾರಿಯ ಪ್ರತಿಯೊಂದು ಗುಂಡಿಗೂ ಕಂಪಿಸುತ್ತದೆ. ಒಂದೇ ಗಟ್ಟಿ ಎಳೆಯ ತಂತಿ ಕಾಲಕ್ರಮದಲ್ಲಿ ಬಳಲಿ ಮುರಿಯುವುದರಿಂದ ಅನೇಕ ನವಿರಾದ ಎಳೆಗಳನ್ನು ಹೊಸೆದ ತಂತಿಯನ್ನೇ ಬಳಸಬೇಕು. ತುದಿಗಳಿಗೆ ತಾಮ್ರದ ಲಗ್ಗನ್ನು ಒತ್ತುಯಂತ್ರದಿಂದ ಅಮುಕಿ ಕೂಡಿಸಬೇಕು. ಬರಿಯ ಬೆಸುಗೆಯನ್ನು ನಂಬಿದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ಎಳೆಗಳು ತುಂಡಾಗುತ್ತವೆ. ತಗಡಿನ ರಂಧ್ರದ ಮೂಲಕ ತಂತಿ ಹಾಯುವಲ್ಲೆಲ್ಲ ರಬ್ಬರಿನ ಬಳೆ ಇರಬೇಕು, ಇಲ್ಲವಾದರೆ ಹರಿತವಾದ ಅಂಚು ಹೊದಿಕೆಯನ್ನು ದಿನದಿನವೂ ಗರಗಸದಂತೆ ಕೊಯ್ಯುತ್ತಿರುತ್ತದೆ. ಕಾರ್ಖಾನೆಯವರು ವಾಹನದ ಒಡಲನ್ನೇ ಮರಳುವ ದಾರಿಯಾಗಿ ಬಳಸುತ್ತಾರೆ. ಮನೆಯ ಉಪಕರಣಗಳಿಗೆ ಹಾಗೆ ಮಾಡದೆ ಪ್ರತ್ಯೇಕ ತಂತಿಯನ್ನು ಎಳೆದರೆ ತುಕ್ಕು ಹಿಡಿದ ತಗಡನ್ನು ನಂಬಿ ಕೂರುವ ಪ್ರಮೇಯ ಬರುವುದಿಲ್ಲ.

ಗೋಡೆಗಳಿಗೆ ಹಲಗೆ ಹೊಡೆಯುವ ಮೊದಲೇ ಇದೆಲ್ಲವನ್ನೂ ಪರೀಕ್ಷಿಸಬೇಕು, ಮುಚ್ಚಿದ ಮೇಲೆ ದೋಷ ಹುಡುಕುವುದು ಕಷ್ಟ. ಕತ್ತಲಾದ ಮೇಲೆ ಎಲ್ಲ ಉಪಕರಣಗಳನ್ನೂ ಒಟ್ಟಿಗೆ ಅರ್ಧ ಗಂಟೆ ನಡೆಸಿ, ತಂತಿಗಳ ಉದ್ದಕ್ಕೂ ಕೀಲುಗಳ ಮೇಲೂ ಹಿಂಗೈಯನ್ನು ಹಿಡಿದು ನೋಡಿದರೆ ಎಲ್ಲಿ ಕಾವಿದೆಯೋ ಅಲ್ಲಿ ಸಡಿಲವಿದೆ ಅಥವಾ ತಂತಿ ತೆಳುವಾಗಿದೆ ಎಂದು ಗೊತ್ತಾಗುತ್ತದೆ. ಬ್ಯಾಟರಿಯ ತುದಿಯಲ್ಲೊಮ್ಮೆ, ರೆಫ್ರಿಜರೇಟರಿನ ತುದಿಯಲ್ಲೊಮ್ಮೆ ವೋಲ್ಟೇಜನ್ನು ಅಳೆದು ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರುಗಳ ಪ್ರಯಾಣವಾದ ಮೇಲೆ ತಿರುಪುಗಳನ್ನೆಲ್ಲ ಮತ್ತೊಮ್ಮೆ ಬಿಗಿಗೊಳಿಸಬೇಕು.

ಕಡೆಯದಾಗಿ ಒಂದು ನಕ್ಷೆ. ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ, ಅದರ ದಪ್ಪವೆಷ್ಟು, ಅದನ್ನು ಕಾಯುವ ಫ್ಯೂಸು ಎಷ್ಟು ಆಂಪಿಯರಿನದು ಎಂಬುದನ್ನು ಶಾಯಿಯಲ್ಲಿ ಬರೆದು ಬ್ಯಾಟರಿಯ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸುತ್ತಾರೆ. ಕೆಲಸ ಮಾಡಿದವರಿಗೆ ಅಂದು ಅದು ಅನಾವಶ್ಯಕವೆನಿಸೀತು, ಎಲ್ಲವೂ ಬಾಯಿಪಾಠವಾಗಿರುತ್ತದೆ. ಮೂರು ವರ್ಷಗಳ ಮೇಲೆ ಮಳೆ ಸುರಿಯುವ ಒಂದು ರಾತ್ರಿ ರೆಫ್ರಿಜರೇಟರ್ ಥಟ್ಟನೆ ನಿಂತಾಗ, ಕೈದೀಪ ಹಿಡಿದು ಆ ಬಾಗಿಲನ್ನು ತೆರೆದವರಿಗೆ ಏಳನೆಯ ಫ್ಯೂಸು ಯಾವ ತಂತಿಯದು ಎಂಬುದು ಅಲ್ಲಿಯೇ ಕಾಣುತ್ತದೆ.